ಆರಾಮ್ ಅಂದ ದನಿ

ಬೆಳಿಗ್ಗೆ ಆರೂವರೆಗೆ, ಇಂಚರ ಏಳುವ ಮೊದಲೇ ಇಂಚರ ಮಾತಾಡಲು ಶುರು ಮಾಡುತ್ತಿದ್ದಳು.

ಬಚ್ಚಲಿನ ಗೀಸರಿನೊಳಗೆ ಕೂತವಳು ಮೆಲ್ಲಗೆ "ನೀರು ಕಾದಿದೆ" ಅನ್ನುವಳು. ಕುಕ್ಕರಿನಲ್ಲಿದ್ದವಳು ಹುಬ್ಬಳ್ಳಿ ಕಡೆಯ ಸೋದರತ್ತೆಯ ಗತ್ತಿನಲ್ಲಿ "ಮೂರು ಸೀಟಿ ಆದ್ವು, ಇನ್ನ ಆರಿಸವಾ" ಎಂದು ಗದರುವಳು. ಫ್ರಿಜ್ಜಿನ ಬಾಗಿಲು ಹಾಕಲು ಮರೆತರೆ ಮಂಗಳೂರಿನ ಮೇಷ್ಟ್ರೊಬ್ಬರು "ಬಾಗಿಲು ಹಾಕಿ ಮಾರಾಯ್ರೆ, ಒಳಗಿದ್ದವರಿಗೆ ಸೆಕೆ ಆಗ್ತದೆ" ಎಂದು ರಾಗ ಎಳೆಯುವರು. ಆ ಮೇಷ್ಟ್ರೂ ಇಂಚರಳೇ. ಮನೆಯ ಯಂತ್ರಗಳೆಲ್ಲ ಬಾಯಿಬಿಟ್ಟು ಮಾತಾಡುವ ಕಾಲ ಬಂದು ಹತ್ತು ವರ್ಷವಾಗಿತ್ತು. ದಾವಣಗೆರೆಯ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರನ್ನು ಅವರೆದುರೇ ಅಣಕಿಸಿ ಅವರಿಂದಲೇ ಚಪ್ಪಾಳೆ ಹೊಡೆಸಿಕೊಂಡಿದ್ದ ಹುಡುಗಿ, ಮುಂದೆ ಈ ಯಂತ್ರಗಳಿಗೆ ದನಿ ಕೊಡುವುದನ್ನೇ ಕಸುಬು ಮಾಡಿಕೊಂಡಿದ್ದಳು. ಅಪ್ಪ ಅಮ್ಮ ಇಟ್ಟ ಹೆಸರು ಸಾರ್ಥಕವಾಯಿತು ಎಂದು ನೆಂಟರು ಮೆಚ್ಚಿಕೊಂಡಿದ್ದರು.

ಇಷ್ಟು ಜನ ಇಂಚರರು ಮನೆತುಂಬ ಮಾತಾಡುತ್ತಿರುವಾಗ, ಮೂವತ್ತಾರು ವರ್ಷದ ಅಸಲಿ ಇಂಚರ ಹಾಸಿಗೆಯಲ್ಲಿ ಅಂಗಾತ ಮಲಗಿ ತನ್ನ ಎರಡು ಮುಷ್ಟಿಗಳನ್ನು ನೋಡುತ್ತಿದ್ದಳು. ಅವು ಬಿಚ್ಚಿಕೊಳ್ಳಲು ಮುಕ್ಕಾಲು ಗಂಟೆ ಬೇಕಿತ್ತು. ಬೆರಳಿನ ಗಿಣ್ಣುಗಳು ಹಸಿ ಶುಂಠಿಯ ಹಾಗೆ ಉಬ್ಬಿರುತ್ತಿದ್ದವು. ಗೀಸರು ನೀರು ಕಾದಿದೆ ಎಂದು ನಾಲ್ಕು ಸಲ ಹೇಳಿದರೂ ನಲ್ಲಿ ತಿರುಗಿಸಲು ಅತ್ತೆಯನ್ನೇ ಕೂಗಬೇಕಿತ್ತು. ಬಿಸಿಲಿಗೆ ಹೋಗಿ ಬಂದರೆ ಮೂಗಿನ ಆಚೆ ಈಚೆ ಕೆನ್ನೆ ಕೆಂಪಗೆ ಉರಿಯುತ್ತಿತ್ತು. ಬಾಚಣಿಗೆಗೆ ಕೂದಲು ಹಿಡಿಗಟ್ಟಲೆ ಬರುತ್ತಿತ್ತು. ಈಗೀಗ ಸಂಜೆಯಾದರೆ ಪಾದ ಬಾತು ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತಿತ್ತು.

ಮೂರು ವರ್ಷದಿಂದ ಆಕೆ ಇದಕ್ಕೊಂದು ಹೆಸರು ಹುಡುಕುತ್ತಿದ್ದಳು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ರೆಫರ್, ಅಲ್ಲಿಂದ ಮನೆಗೆ ಸಫರ್. ಹೋಗಿ ಬಂದಷ್ಟು ಸಲ ತಿಂಡಿಯ ಹೊತ್ತಿಗೆ ಮನೆಯಲ್ಲಿ ಪ್ರದರ್ಶನ ಇರುತ್ತಿತ್ತು. ಗಂಡ ರುದ್ರೇಶ, ಡಿಪೋದಲ್ಲಿ ಕರೆಂಟು ಬಸ್ಸುಗಳ ಬ್ಯಾಟರಿ ನೋಡಿಕೊಳ್ಳುವವನು, ತಟ್ಟೆ ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಅತ್ತೆ ಹಾಲಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು.

"ಮೊದಲನೇ ಡಾಕ್ಟರು," ಎಂದು ಇಂಚರ ಮೂಗು ಹಿಡಿದುಕೊಳ್ಳುವಳು. "ಟೆನ್ಶನ್ ಅಮ್ಮ, ಬರೀ ಟೆನ್ಶನ್. ಟೆನ್ಶನ್ ತಗೋಬೇಡಿ, ಈ ಮಾತ್ರೆ ತಗೊಳ್ಳಿ."

"ಎರಡನೇ ಡಾಕ್ಟರಮ್ಮ," ಎಂದು ಕನ್ನಡಕ ಇಲ್ಲದಿದ್ದರೂ ಅದನ್ನು ಮೂಗಿನ ತುದಿಗೆ ಇಳಿಸುವಳು. "ಒಂದು ಮಗು ಆಗ್ಲಿ, ಎಲ್ಲಾ ತಾನಾಗೇ ಸರಿಹೋಗುತ್ತೆ. ಮಗು ಆದಮೇಲೆ ಬನ್ನಿ, ಆಗ ನೋವು ನೆನಪಿರಲ್ಲ."

"ಮೂರನೆಯವರು. ವಯಸ್ಸೆಷ್ಟು? ಈ ವಯಸ್ಸಿಗೆ ಕೀಲುನೋವು ಬರಲ್ಲ. ಹಾಗಾಗಿ ಬಂದಿಲ್ಲ."

ರುದ್ರೇಶ ನಕ್ಕು ನಕ್ಕು ಕೆಮ್ಮುತ್ತಿದ್ದ. ಹಾಲಮ್ಮನೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ರೋಗ ಯಾವುದು ಅಂತ ಕಂಡುಹಿಡಿಯೋದಕ್ಕೆ ನಿದಾನ ಅಂತಾರೆ ಅತ್ತೆ," ಎಂದು ಇಂಚರ ಮುಗಿಸುವಳು. "ನಮ್ಮೂರಲ್ಲಿ ದಕಾರದ ಹೊಟ್ಟೆ ಸೀಳಿ ಅದನ್ನ ನಿಧಾನ ಮಾಡಿಬಿಟ್ಟಿದಾರೆ." ಎಲ್ಲರೂ ನಕ್ಕಾದ ಮೇಲೆ ರುದ್ರೇಶ ಡಿಪೋಗೆ ಹೋಗುತ್ತಿದ್ದ. ತಟ್ಟೆ ಎತ್ತುವಾಗ ಇಂಚರ ಬೆರಳು ಬಳಸದೆ ಎರಡು ಅಂಗೈಗಳ ನಡುವೆ ಅದನ್ನು ಹಿಡಿದು ಎತ್ತುತ್ತಿದ್ದಳು.

*

ಡಾಕ್ಟರುಗಳು ರೋಗಿಯನ್ನು ನಂಬುವುದಿಲ್ಲ ಎಂಬ ದೂರು ಹೆಚ್ಚಾದಾಗಲೇ ದನಿಗನ್ನಡಿ ಬಂದದ್ದು. ಅದರ ಹಿಂದಿನ ವಿಚಾರ ಸರಳವಾಗಿತ್ತು. ನೋವು ಮೈಯಲ್ಲಿ ಎಲ್ಲಿದ್ದರೂ ಗಂಟಲಿಗೆ ಸುದ್ದಿ ಮುಟ್ಟಿಸುತ್ತದೆ. ದನಿತಂತುಗಳನ್ನು ಹಿಡಿದ ಸಣ್ಣ ಸ್ನಾಯುಗಳು ಕಿವಿಗೆ ತಿಳಿಯದಷ್ಟು ಅದುರುತ್ತವೆ, ವಾಕ್ಯ ಮುಗಿಯುವ ಮೊದಲೇ ಉಸಿರು ಕೂದಲೆಳೆಯಷ್ಟು ಮುಗಿದಿರುತ್ತದೆ. ಫೋನ್ ಬೂತಿನಷ್ಟು ದೊಡ್ಡ ಗಾಜಿನ ಗೂಡಿನಲ್ಲಿ ಕೂತು ಹತ್ತು ನಿಮಿಷ ಮಾತಾಡಿದರೆ ಸಾಕು, ಯಂತ್ರ ಆ ಅದುರನ್ನು ಅಳೆದು ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಕೊಡುತ್ತದೆ. ನಲವತ್ತು ದಾಟಿದರೆ ಪಡೆಪರೀಕ್ಷೆಗೆ ಅರ್ಹರು. ರಕ್ತದೊಳಗಿನ ಕಾವಲುಪಡೆ ಯಾರ ಮೇಲೆ ಕತ್ತಿ ಎತ್ತಿದೆ, ಹೊರಗಿನ ಶತ್ರುವಿನ ಮೇಲೋ ತನ್ನ ಮೈಯ ಮೇಲೋ ಎಂದು ಹೇಳುವುದು ಆ ಪರೀಕ್ಷೆ ಒಂದೇ. ಐದು ಜಿಲ್ಲೆಗೆ ಅಂಥ ಪರೀಕ್ಷೆ ಮಾಡುವ ಜಾಗ ಒಂದೇ ಇತ್ತು, ಅದಕ್ಕೇ ಈ ನಲವತ್ತರ ಬೀಗ.

ಇಂಚರ ಆ ಗೂಡಿಗೆ ಹೋಗಿ ಕೂತದ್ದು ಅದು ಮೂರನೆಯ ಸಲ.

"ನಮಸ್ಕಾರ. ಆರಾಮಾ?" ಎಂದಿತು ಯಂತ್ರ.

ಅದೂ ಇಂಚರಳ ದನಿಯೇ. ಯಾರ ಅಣಕವೂ ಇಲ್ಲದ, ಕಾರ್ಯಕ್ರಮ ಮುಗಿಸಿ ಬಣ್ಣ ತೊಳೆದ ಮುಖದಂಥ ಅವಳ ಸ್ವಂತ ದನಿ. ಅಂಥ ದನಿಯಲ್ಲಿ ಆಕೆ ಮಾತಾಡಿದ್ದ ಯಂತ್ರ ಇದೊಂದೇ.

"ಆರಾಮ್," ಎಂದಳು ಇಂಚರ. ಈ ಸೀಮೆಯಲ್ಲಿ ಆರಾಮಾ ಎಂದು ಕೇಳಿದವರಿಗೆ ಆರಾಮ್ ಎನ್ನದೆ ಬೇರೆ ಉತ್ತರ ಕೊಟ್ಟವರು ಇಲ್ಲ. ಮೂಳೆ ಮುರಿದು ಸ್ಟ್ರೆಚರಿನ ಮೇಲೆ ಹೋಗುವವರೂ ಮೊದಲು ಆರಾಮ್ ಎಂದು, ಆಮೇಲೆ ಕಾಲು ತೋರಿಸುತ್ತಾರೆ.

ಯಂತ್ರ ಕೊಟ್ಟ ಪಾಠ ಓದಿದಳು. ತನ್ನ ಕಷ್ಟ ಹೇಳಿದಳು. ಬಾಗಿಲಿನ ಪಕ್ಕದ ದೀಪ ಹಸಿರಾಯಿತು.

"ನಿಮ್ಮ ಅಂಕ ನಾಲ್ಕು. ನಿಮ್ಮ ದನಿಯಲ್ಲಿ ನೋವು ಸಿಗಲಿಲ್ಲ. ಆರಾಮಾಗಿರಿ," ಎಂದು ಇಂಚರ ಇಂಚರಳಿಗೆ ಹೇಳಿದಳು.

ಹೊರಗೆ ಡಾಕ್ಟರ್ ಪ್ರಸನ್ನ ಆಚಾರ್ಯರು ಅಂಕದ ಚೀಟಿಯನ್ನು ತಿರುಗಿಸಿ ಹಿಂಬದಿಯಲ್ಲಿ ಏನಾದರೂ ಉಂಟೋ ಎಂದು ನೋಡಿದರು. ಪುತ್ತೂರಿನ ಕಡೆಯವರು, ಬೈಯುವಾಗಲೂ ಬೇಸರ ಪಟ್ಟುಕೊಂಡು ಬೈಯುವವರು. ಅವಳ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಗುಳಿ ಹಾಗೇ ಉಳಿಯಿತು.

"ಇದು ನನಗೆ ಒಳ್ಳೇದು ಕಾಣುದಿಲ್ಲ ಮಾರಾಯ್ರೆ. ಮೂತ್ರದಲ್ಲಿ ನೊರೆ ಬರ್ತದೆ ಅಂತ ಬೇರೆ ಹೇಳ್ತೀರಿ. ನಾನು ಎಣಿಸಿದ ರೋಗವೇ ಆದ್ರೆ ಕಿಡ್ನಿ ಕಾದು ಕೂರುದಿಲ್ಲ. ಬೇಗ ಮದ್ದು ಶುರು ಮಾಡ್ಬೇಕು."

"ಮಾಡಿ ಡಾಕ್ಟ್ರೇ."

"ಹೆಸರಿಲ್ಲದೆ ಹೇಗೆ ಮಾಡುದು? ಆ ಮದ್ದು ಪಡೆಯನ್ನೇ ಮಲಗಿಸ್ತದೆ. ಊಹೆಯ ಮೇಲೆ ಕೊಟ್ಟು ನಾಳೆ ಬೇರೆ ಏನೋ ಸೋಂಕು ಹೊಕ್ಕರೆ? ಪಡೆಪರೀಕ್ಷೆ ಆಗ್ಲೇಬೇಕು. ಅದರ ಬೀಗ ನನ್ನ ಕೈಯಲ್ಲಿ ಇಲ್ಲ, ಇದರ ಕೈಯಲ್ಲಿ ಉಂಟು," ಎಂದು ಗಾಜಿನ ಗೂಡಿನತ್ತ ಗಲ್ಲ ತೋರಿಸಿದರು. "ನೀವು ಒಳಗೆ ಹೋಗಿ ಏನಾದ್ರೂ ನಾಟಕ ಮಾಡ್ತೀರಾ? ಮಿಮಿಕ್ರಿಯವರು ಅಂತ ಕೇಳಿದೆ."

"ಇಲ್ಲ ಡಾಕ್ಟ್ರೇ. ಅಲ್ಲೊಂದು ಕಡೆ ನಾನು ನಾನೇ."

*

"ಮೂರು ಸಲ ಆಯ್ತಲ್ಲ ಇಂಚು," ಎಂದ ರುದ್ರೇಶ ಸಂಜೆ. "ಡಾಕ್ಟ್ರು ತಪ್ಪು ಹೇಳ್ತಾರೆ ಅನ್ನು, ಒಪ್ತೀನಿ. ಮಷೀನಿಗೆ ನಿನ್ನ ಮೇಲೇನು ಸಿಟ್ಟು?"

"ಇಂಚು ಇಂಚೂ ನೋಯುತ್ತೆ ಕಣ್ರೀ."

ಅವನು ನಕ್ಕ. ಅವಳು ನಗಿಸಲು ಹೇಳಿರಲಿಲ್ಲ. ಆದರೆ ಅವಳ ಬಾಯಿಂದ ಬಂದದ್ದೆಲ್ಲ ಅವನಿಗೆ ನಗೆಯೇ ಆಗಿ ಅಭ್ಯಾಸವಾಗಿತ್ತು.

ಹೋದ ತಿಂಗಳು ಹಾಲಮ್ಮನೂ ಅದೇ ಗೂಡಿನಲ್ಲಿ ಕೂತಿದ್ದಳು. ಸವೆದ ಮಂಡಿಗೆ ಅರವತ್ತೊಂದು ಅಂಕ ಬಂದಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಬಾರದ ಫಸ್ಟ್ ಕ್ಲಾಸು ಈಗ ಬಂತು ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಅವಳು ಜಗುಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಇಂಚರ ಪಕ್ಕದಲ್ಲಿ ಕೂತು, ಸುಲಿಯಲಾಗದೆ, ಸಿಪ್ಪೆ ಬೇರೆ ಮಾಡುತ್ತಿದ್ದಳು.

ಓಣಿಯಲ್ಲಿ ಆರೋಗ್ಯ ಇಲಾಖೆಯ ಪ್ರಚಾರದ ಗಾಡಿ ಬಂತು. ಮೇಲಿನ ಮೈಕಿನಿಂದ ಅವಳದೇ ದನಿ: "ಆರಾಮಾ? ನಿಮ್ಮ ನೋವು ನಮಗೆ ಕೇಳಿಸುತ್ತದೆ. ದನಿಗನ್ನಡಿಗೆ ಬನ್ನಿ."

ಹಾಲಮ್ಮನ ಕೈ ನಿಂತಿತು. "ಇದು ನೀನು ಆ ಶ್ರಾವಣದಾಗೆ ಮಾಡಿದ್ದಲ್ವೇನವ್ವಾ?"

"ಹೌದು. ಯಾಕೆ?"

"ದಿನಾ ಬೆಳಿಗ್ಗೆ ಬೆರಳಿಗೆ ಹರಳೆಣ್ಣೆ ಹಚ್ಚಿ, ಬಿಸಿ ಬಟ್ಟೆ ಸುತ್ತಿ ಕಳಿಸ್ತಿದ್ದೆ. ಆಗಿನ್ನೂ ಶುರುವಾಗಿತ್ತು ನಿಂಗೆ."

"ಮೂರು ವರ್ಷ ಆಯ್ತು ಅತ್ತೆ. ಅಷ್ಟು ಸರಿಯಾಗಿ ಹೇಗೆ ನೆನಪಿಟ್ಟಿದೀರಿ?"

"ನೆನಪ್ಯಾಕೆ, ಕೇಳಿಸ್ತೈತಲ್ಲ. ಬನ್ನಿ ಅನ್ನಾಗ ಉಸಿರು ಹಿಡಿದೀಯ. ತುಂಬಿದ ತಂಬಿಗೆ ಎತ್ತಾಗ ಹಿಡೀತೀಯಲ್ಲ, ಹಂಗೆ."

ಗಾಡಿ ತಿರುವಿನಲ್ಲಿ ಮರೆಯಾಯಿತು. ಇಂಚರ ಕೈಯಲ್ಲಿದ್ದ ಸಿಪ್ಪೆಯನ್ನು ಕಾಳಿನ ಬುಟ್ಟಿಗೆ ಹಾಕಿದಳು.

"ಹಾಗಾದ್ರೆ ಇಷ್ಟು ನೋವಿದೆ ಅಂತ ನಿಮಗೆ ಇಷ್ಟು ದಿನ ಗೊತ್ತಿತ್ತಾ?"

"ಗೊತ್ತಾಗದೇ ಇರಾಕೆ ನಾನೇನು ಮಷೀನೇನೇ? ನೀನು ನಗಿಸ್ತಿದ್ದೆ, ನಾನು ನಗ್ತಿದ್ದೆ. ಒಂದು ದಿನ ಅತ್ತಿದ್ರೆ ಅವತ್ತೇ ಕೇಳ್ತಿದ್ದೆ." ಹಾಲಮ್ಮ ಬುಟ್ಟಿಯಿಂದ ಸಿಪ್ಪೆ ಹೆಕ್ಕಿ ತೆಗೆದಳು. "ನೀನೇ ಮುಚ್ಚಿಟ್ಟಿದ್ದನ್ನ ಎಲ್ಲರೆದುರು ಹೆಂಗೆ ತೆಗೀಲಿ ಅಂತ ಸುಮ್ಕಿದ್ದೆ."

*

ದನಿಗನ್ನಡಿಯ ನಿಯಂತ್ರಣ ಕೊಠಡಿ ಕೇಂದ್ರದ ಮೂರನೆಯ ಮಹಡಿಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಜಬೀನ್, ಆ ಶ್ರಾವಣದಲ್ಲಿ ಇಂಚರಳ ಎದುರು ಕೂತು ನಲವತ್ತು ಗಂಟೆ ರೆಕಾರ್ಡಿಂಗ್ ಮಾಡಿಸಿದವಳು. ಆ ರೆಕಾರ್ಡಿಂಗಿನ ಹೊತ್ತಿಗೇ ತನಗೆ ನೋವಿತ್ತು ಎಂದು ಇಂಚರ ಹೇಳಿದ್ದನ್ನು ಕೇಳಿ ಮೊದಲು ಚಹಾ ತರಿಸಿದಳು. ಆಮೇಲೆ ಬಾಗಿಲು ಹಾಕಿದಳು.

"ಅಳೆಯೋಕೆ ಒಂದು ಗೆರೆ ಬೇಕಲ್ವಾ ಮೇಡಂ? ನೋವೇ ಇಲ್ಲದ ದನಿ ಹೇಗಿರುತ್ತೆ ಅಂತ ಮಷೀನಿಗೆ ಮೊದಲು ಪಾಠ ಹೇಳಬೇಕು. ಆ ದನಿಯಲ್ಲಿ ಇರೋದನ್ನೆಲ್ಲ ಕಳೆದು, ಮಿಕ್ಕಿದ್ದನ್ನ ಅದು ನೋವು ಅಂತ ಎಣಿಸುತ್ತೆ. ಸ್ಪಷ್ಟವಾದ, ಒಂದೇ ಹದದ ದನಿ ಬೇಕಿತ್ತು. ನಿಮ್ಮದಿತ್ತು. ಮಾತಾಡೋದಕ್ಕೂ ಅದೇ, ಮಾದರಿಗೂ ಅದೇ ಅಂತ ಮಾಡಿದ್ವಿ."

"ಅಂದರೆ ನನ್ನ ನೋವು..."

"ಸೊನ್ನೆ. ನಿಮ್ಮ ನೋವೇ ಸೊನ್ನೆ ಗುರುತು. ಬೇರೆ ಥರದ ನೋವು ಅದಕ್ಕೆ ಸಿಗುತ್ತೆ, ನಿಮ್ಮ ಥರದ್ದು ಸಿಗಲ್ಲ." ಜಬೀನ್ ಹಳೆಯ ನಮೂನೆಯೊಂದನ್ನು ಪರದೆಗೆ ತಂದಳು. ಯಾವುದಾದರೂ ನೋವು ಇದೆಯೇ ಎಂಬ ಪ್ರಶ್ನೆಯ ಮುಂದೆ ಇಲ್ಲ ಎಂಬಲ್ಲಿ ಗುರುತು. ಕೆಳಗೆ ಇಂಚರಳ ಸಹಿ. ಸಹಿಯ ಬಾಲ ಅಂಕುಡೊಂಕು, ಆಗಲೂ ಪೆನ್ನು ಹಿಡಿಯಲು ಕಷ್ಟವಾಗಿತ್ತು. "ನಾನು ಕೇಳಿದ್ದೆ ಮೇಡಂ. ಆರಾಮಾ ಅಂತ. ಆರಾಮ್ ಅಂದ್ರಿ. ಗುರುತು ಹಾಕಿದೆ."

ನೋವೇನೂ ಇಲ್ಲದ ಕೊಪ್ಪಳದ ಮೇಷ್ಟ್ರೊಬ್ಬರ ದನಿ ಹಳೆಯ ಪ್ರಯೋಗಕ್ಕೆಂದು ತೆಗೆದಿಟ್ಟದ್ದು ಅವಳ ಬಳಿ ಇತ್ತು. ಅದನ್ನು ಮಾದರಿಯಾಗಿಟ್ಟು, ಮೂರನೆಯ ಸಲದ ಇಂಚರಳ ಮಾತನ್ನು ಮತ್ತೆ ಯಂತ್ರಕ್ಕೆ ಕೇಳಿಸಿದಳು. ಅಂಕ ಏರುತ್ತ ಹೋಗಿ ಎಪ್ಪತ್ತಮೂರರಲ್ಲಿ ನಿಂತಿತು.

ಮೂರು ವರ್ಷ ಹುಡುಕಿದ ಮೇಲೆ ಎರಡು ಅಂಕಿ ಸಿಕ್ಕಿದ್ದವು. ಇಂಚರಳಿಗೆ ಅವನ್ನು ಮುಟ್ಟಿ ನೋಡಬೇಕು ಅನ್ನಿಸಿತು.

"ಎರಡು ದಾರಿ ಇದೆ," ಎಂದಳು ಜಬೀನ್, ದನಿ ತಗ್ಗಿಸಿ. "ಮಾದರಿಯನ್ನೇ ತೆಗೆಸಬೇಕಂದ್ರೆ ನೀವು ಬರೆದುಕೊಡಬೇಕು. ಆಗ ನನಗೆ ನೋವಿತ್ತು, ಇಲ್ಲ ಅಂತ ಸುಳ್ಳು ಹೇಳಿದೆ ಅಂತ. ಸುಳ್ಳು ಅಂತ ಒಂದು ಕಡೆ ದಾಖಲಾದರೆ ಕರಾರಿನ ಪ್ರಕಾರ ನಿಮ್ಮ ದನಿ ಇರೋ ಕಡೆಯಿಂದೆಲ್ಲ ಅಳಿಸ್ತಾರೆ. ಗೀಸರು, ಕುಕ್ಕರು, ಎಲ್ಲಾ. ಮತ್ತೆ ಯಾರೂ ನಿಮ್ಮನ್ನ ಮೈಕಿನ ಮುಂದೆ ಕೂರಿಸಲ್ಲ."

"ಇನ್ನೊಂದು?"

"ನಿಮ್ಮೊಬ್ಬರನ್ನ ಈ ಕೊಪ್ಪಳದ ಮೇಷ್ಟ್ರ ದನಿಯಿಂದ ಅಳೆದು ಈ ಎಪ್ಪತ್ತಮೂರನ್ನ ಡಾಕ್ಟ್ರಿಗೆ ಕಳಿಸ್ತೀನಿ. ನಾಳೆನೇ ಪಡೆಪರೀಕ್ಷೆ. ಯಾರಿಗೂ ಗೊತ್ತಾಗಲ್ಲ."

ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು. "ನನ್ನ ಥರ ಬೇರೆಯವರು ಇದಾರಾ ಜಬೀನ್? ಇದೇ ನೋವು ಇರೋರು?"

"ಇರಬಹುದು."

"ಇರಬಹುದು ಅಂದ್ರೆ?"

"ಹುಡುಕಿಲ್ಲ ಮೇಡಂ. ಹುಡುಕಿದ್ರೆ ಗೊತ್ತಾಗಿಬಿಡುತ್ತೆ."

ಇಂಚರ ತನ್ನ ಪಾದಗಳನ್ನು ನೋಡಿಕೊಂಡಳು. ಆಚಾರ್ಯರ ಹೆಬ್ಬೆರಳಿನ ಗುಳಿ ಕಣ್ಣಿಗೆ ಬಂತು. "ಕಳಿಸು," ಎಂದಳು. ಅದು ಯಾರ ದನಿ ಎಂದು ಅವಳಿಗೇ ಗುರುತು ಸಿಗಲಿಲ್ಲ.

*

ಹೆಸರು ಮೂರು ದಿನದಲ್ಲಿ ಬಂತು. ಲೂಪಸ್.

"ಎದೆಗೂಡಿನ ಒಳಗೆ ಥೈಮಸ್ ಅಂತ ಒಂದು ಗ್ರಂಥಿ ಉಂಟು," ಎಂದರು ಆಚಾರ್ಯರು. "ಅದು ನಮ್ಮ ಕಾವಲುಪಡೆಯ ಶಾಲೆ. ಇದು ನಮ್ಮ ಚರ್ಮ, ಇದು ನಮ್ಮ ಕಿಡ್ನಿ, ಇವರನ್ನು ಮುಟ್ಟಬಾರದು ಅಂತ ಅಲ್ಲಿ ಪಾಠ ಮಾಡ್ತಾರೆ. ಪಾಠ ಸರಿ ಆಗದೆ ಹೊರಬಿದ್ದ ಸಿಪಾಯಿಗಳು ಮನೆಯವರನ್ನೇ ಹೊಡೀತಾರೆ. ನಿಮ್ಮಲ್ಲಿ ಆದದ್ದು ಅದೇ." ಆಮೇಲೆ ಕಿಡ್ನಿಯ ಚಿತ್ರ ತೋರಿಸಿದರು. ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಕೆಲಸ ನಿಂತಿತ್ತು. "ಉಳಿದದ್ದನ್ನು ಉಳಿಸಿಕೊಳ್ಳುವ. ಎರಡು ವರ್ಷದ ಹಿಂದೆ ಈ ಪರೀಕ್ಷೆ ಆಗಿದ್ರೆ..." ಎಂದವರು ಚೀಟಿ ಬರೆಯಲು ಬಗ್ಗಿದರು.

"ಲೂಪಸ್ಸಾ?" ಎಂದಳು ಹಾಲಮ್ಮ ಮನೆಯಲ್ಲಿ, ಹೆಸರನ್ನು ಬಾಯಲ್ಲಿ ತಿರುಗಿಸಿ ನೋಡುತ್ತ. "ಹೆಸರು ಐತೆ ಅಂದ್ರೆ ಸುಳ್ಳಲ್ಲ, ಬಿಡು." ಅವತ್ತಿನಿಂದ ಬೆಳಿಗ್ಗೆ ನಲ್ಲಿಯನ್ನು ರುದ್ರೇಶನೇ ತಿರುಗಿಸಿ ಬಕೆಟ್ಟು ತುಂಬಿಸಿಟ್ಟು ಹೋಗತೊಡಗಿದ. ತಿಂಡಿಯ ಹೊತ್ತಿನ ಪ್ರದರ್ಶನವನ್ನು ಯಾರೂ ಕೇಳಲಿಲ್ಲ, ಅವಳೂ ಕೊಡಲಿಲ್ಲ.

ಅವಳ ತಲೆಯಲ್ಲಿ ಇನ್ನೊಂದು ಶಾಲೆ ಓಡುತ್ತಿತ್ತು. ಮೂರನೆಯ ಮಹಡಿಯ ಆ ಯಂತ್ರವೂ ಪಾಠ ಕಲಿತದ್ದೇ. ಈ ನೋವು ನಮ್ಮದು, ಇದನ್ನು ಮುಟ್ಟಬಾರದು, ಬಿಟ್ಟುಬಿಡಿ ಎಂದು. ಪಾಠ ಹೇಳಿದ ಮೇಷ್ಟ್ರು ತಾನೇ. ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಔಷಧಿ ಹಿಡಿಯುತ್ತಿತ್ತು, ಮುಷ್ಟಿ ಬೇಗ ಬಿಚ್ಚಿಕೊಳ್ಳುತ್ತಿತ್ತು, ಕುಕ್ಕರು ಸೋದರತ್ತೆಯ ಹಾಗೆ ಗದರುತ್ತಲೇ ಇತ್ತು. ಹೀಗೆ, ಜಬೀನಳ ಕೊಠಡಿಯಿಂದ ಇಳಿದು ಬಂದು ಹನ್ನೊಂದು ದಿನ ಕಳೆಯಿತು.

ಹನ್ನೆರಡನೆಯ ದಿನ ಮಧ್ಯಾಹ್ನ ಕೇಂದ್ರಕ್ಕೆ ಇಂಜೆಕ್ಷನ್ನಿಗೆಂದು ಹೋಗಿದ್ದಳು. ದನಿಗನ್ನಡಿಯ ಮುಂದಿನ ಬೆಂಚಿನಲ್ಲಿ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಕೂತು ಚಹಾ ಕುಡಿಯುತ್ತಿದ್ದಳು. ಲೋಟವನ್ನು ಬೆರಳಲ್ಲಿ ಹಿಡಿದಿರಲಿಲ್ಲ. ಎರಡು ಅಂಗೈಗಳ ನಡುವೆ ಒತ್ತಿ ಎತ್ತುತ್ತಿದ್ದಳು. ಇಂಚರ ನೋಡಿದವಳು ಮುಂದೆ ಹೋಗಲಾರದೆ ನಿಂತಳು.

"ಜಗಳೂರು ಕೊಟ್ರಮ್ಮ," ಎಂದು ಕೂಗಿದರು. ಹೆಂಗಸು ಲೋಟ ಇಟ್ಟು ಒಳಗೆ ಹೋದಳು. ಗಾಜಿನ ಬಾಗಿಲು ಪೂರ್ತಿ ಮುಚ್ಚಿಕೊಂಡಿರಲಿಲ್ಲ.

"ನಮಸ್ಕಾರ. ಆರಾಮಾ?"

"ಆರಾಮ್ ಕಣವ್ವಾ."

ಹತ್ತು ನಿಮಿಷ. ಹಸಿರು ದೀಪ. "ನಿಮ್ಮ ಅಂಕ ಆರು. ನಿಮ್ಮ ದನಿಯಲ್ಲಿ ನೋವು ಸಿಗಲಿಲ್ಲ. ಆರಾಮಾಗಿರಿ."

ಕೊಟ್ರಮ್ಮ ತಕ್ಷಣ ಏಳಲಿಲ್ಲ. ಉಬ್ಬಿದ ಕೈಗಳನ್ನು ಕಷ್ಟಪಟ್ಟು ಜೋಡಿಸಿ ಯಂತ್ರಕ್ಕೆ ಮುಗಿದಳು. "ಸುಮ್ಮೆ ನಿಂಗೆ ತೊಂದ್ರೆ ಕೊಟ್ಟೆ, ತಪ್ಪು ತಿಳೀಬ್ಯಾಡ ತಾಯಿ," ಎಂದಳು. ಹೊರಗೆ ಬಂದು, ತಣ್ಣಗಾದ ಚಹಾವನ್ನು ಅದೇ ರೀತಿ ಎತ್ತಿ ಕುಡಿದು ಮುಗಿಸಿ, ಬಸ್ಸಿಗೆ ಹೋದಳು.

ಇಂಚರ ಲಿಫ್ಟಿನೊಳಗೆ ನಿಂತಳು. "ಎಷ್ಟನೇ ಮಹಡಿ?" ಎಂದು ಲಿಫ್ಟು ಅವಳೇ ಕೊಟ್ಟ ಇನ್ನೊಂದು ದನಿಯಲ್ಲಿ ಕೇಳಿತು.

"ಮೂರು," ಎಂದಳು.

*

ಬರೆದುಕೊಟ್ಟದ್ದು ಒಂದು ಪುಟ. ಪೆನ್ನು ಹಿಡಿಯಲಾಗದೆ ಅವಳು ಹೇಳಿದಳು, ಜಬೀನ್ ಬರೆದಳು. ಸಹಿಯ ಬದಲು ಹೆಬ್ಬೆಟ್ಟು ಒತ್ತಿದಳು. "ಬಿ.ಎ. ಓದಿ ಹೆಬ್ಬೆಟ್ಟಾದೆ," ಎಂದಳು. ಜಬೀನ್ ನಗಲಿಲ್ಲ. ಈ ಸಲ ಅವಳು ಹುಡುಕಿದ್ದಳು. ಬೇರೆ ಮಾದರಿಯಲ್ಲಿ ಅಳೆದರೆ ನಲವತ್ತು ದಾಟಬೇಕಿದ್ದವರು, ಆರಾಮಾಗಿರಿ ಎನ್ನಿಸಿಕೊಂಡು ವಾಪಸಾದವರು, ಮೂರು ವರ್ಷದಲ್ಲಿ ಮುನ್ನೂರ ಹದಿನೆಂಟು. ಬಹುಪಾಲು ಹೆಂಗಸರು. ಅವರಲ್ಲಿ ಒಂಬತ್ತು ಜನ ಆ ಹನ್ನೆರಡು ದಿನಗಳಲ್ಲಿ ಬಂದವರು. ಆ ಒಂಬತ್ತು ಹೆಸರುಗಳನ್ನು ಇಂಚರ ಒಂದೇ ಸಲ ಓದಿದಳು, ಎರಡನೆಯ ಸಲ ಓದಬೇಕಾಗಿ ಬರಲಿಲ್ಲ.

ವಾರದೊಳಗೆ ಮನೆ ಮೂಕವಾಯಿತು. ಗೀಸರು ಬರೀ ಕುಂಯ್ ಎನ್ನತೊಡಗಿತು. ಫ್ರಿಜ್ಜಿನ ಮೇಷ್ಟ್ರು ವರ್ಗವಾಗಿ ಹೋದರು. ಕುಕ್ಕರು ಸೀಟಿ ಹೊಡೆದಾಗ ಹಾಲಮ್ಮ ಬೆರಳು ಮಡಿಸಿ ತಾನೇ ಎಣಿಸಿದಳು. "ಇದಕ್ಕೆ ಮದ್ಲು ನಾವು ಅನ್ನ ಉಂಡಿಲ್ವಾ?" ಎಂದಳು.

ಮುನ್ನೂರ ಹದಿನೆಂಟು ಜನರನ್ನು ಮತ್ತೆ ಕರೆಸಬೇಕಿತ್ತು. ಕಾಗದ ಬರೆದರೆ ಓದುವವರಿಲ್ಲ, ಫೋನ್ ಮಾಡುವವರು ಬೇಕು. ತಾನು ಮಾ‌ಡುತ್ತೇನೆ ಎಂದು ಇಂಚರಳೇ ಕೇಳಿಕೊಂಡಳು. ಕಷ್ಟ ಮೊದಲ ದಿನವೇ ತಿಳಿಯಿತು. "ನಮಸ್ಕಾರ" ಅನ್ನುವಷ್ಟರಲ್ಲಿ ಅತ್ತಲಿನವರು ದನಿಯ ಗುರುತು ಹಿಡಿದು ಫೋನ್ ಇಡುತ್ತಿದ್ದರು. ಮೂರು ವರ್ಷ ಐದು ಜಿಲ್ಲೆಗೆ ನೋವಿಲ್ಲ ಎಂದು ಹೇಳಿದ ದನಿಯಲ್ಲವೇ.

"ಬೇರೆ ದನಿಯಲ್ಲಿ ಮಾತಾಡಿ ಮೇಡಂ," ಎಂದಳು ಜಬೀನ್. "ನಿಮ್ಮ ಹತ್ರ ನೂರು ಇದೆ."

ಮಾಡಿ ನೋಡಿದಳು. ಮೆತ್ತಗಿನ ನರ್ಸಮ್ಮನಾದಳು, ಬ್ಯಾಂಕಿನ ಮ್ಯಾನೇಜರಾದಳು. ಯಾರೂ ಫೋನ್ ಇಡಲಿಲ್ಲ. ಎಲ್ಲರೂ ಮರ್ಯಾದೆಯಿಂದ ಕೇಳಿಸಿಕೊಂಡು, ಆರಾಮ್ ಇದೀವ್ರೀ, ಏನೂ ತೊಂದ್ರೆ ಇಲ್ರೀ, ನೀವು ಆರಾಮಾ ಎಂದರು. ಹರಿಹರದ ಒಂದು ನಂಬರಿನಲ್ಲಿ ಗಂಡಸೊಬ್ಬರು ಎತ್ತಿದರು. "ಅವಳು ಹೋದ ಕಾರ್ತೀಕದಲ್ಲೇ ಹೋದಳಲ್ರೀ," ಎಂದರು. "ಕಿಡ್ನಿ ಅಂದ್ರು. ನಿಮ್ಮ ಚೀಟಿ ಇನ್ನೂ ಇಟ್ಟಿದೀನಿ, ನೋವಿಲ್ಲ ಅಂತ ಬರೆದದ್ದು. ಬೇಕಾ?"

ಆ ದಿನ ಇಂಚರ ಮತ್ತೆ ಯಾರಿಗೂ ಫೋನ್ ಮಾಡಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತು, ಆಮೇಲೆ ಒರೆಸಿಕೊಂಡು, ಜಗಳೂರಿನ ನಂಬರು ಒತ್ತಿದಳು. ಹಾಲಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

"ಹಲೋ, ಕೊಟ್ರಮ್ಮನವರಾ?"

"ನೀನು ಆ ಮಷೀನಲ್ವಾ?"

"ಆ ದನಿ ನಂದೇ."

"ಮತ್ಯಾಕೆ ಬಂದೆ? ಏನಿಲ್ಲ ಅಂದೆಲ್ಲ. ನಿನ್ನ ಮಾತು ಕೇಳಿ ಮನೆಯಾಗೆ ಎಲ್ರೂ ನನ್ನ ಮೈಗಳ್ಳಿ ಅಂದ್ರು. ಮಷೀನೇ ಏನಿಲ್ಲ ಅಂದ ಮ್ಯಾಲೆ ರೊಟ್ಟಿ ಬಡಿಯಾಕೇನು ನಿಂಗೆ ಅಂದ್ರು. ಬಡಿದೆ. ಬೆರಳು ಮುರಿದು ಬೀಳ್ತವೇನೋ ಅನ್ನಂಗೆ ಬಡಿದೆ." ಒಂದೊಂದಾಗಿ ಬಂತು, ನಿಲ್ಲಲಿಲ್ಲ. ಬೈಗುಳ ಮುಗಿದು ಆ ಕಡೆ ಯಾರೋ ಕೊಡ ಇಳಿಸಿದ ಸದ್ದಾಗುವವರೆಗೆ ಇಂಚರ ಕೇಳಿಸಿಕೊಂಡಳು.

"ನಾನು ಮಷೀನಲ್ಲಮ್ಮ," ಎಂದಳು. "ಅದರೊಳಗೆ ಮಾತಾಡಿದಾಗ ನನಗೂ ಇದೇ ನೋವಿತ್ತು. ಇಲ್ಲ ಅಂತ ಹೇಳಿದ್ದೆ. ನಾನು ಹೇಳಿದ್ದನ್ನ ಅದು ನಂಬಿತು. ನೀವು ಬಂದ ದಿನ ನಾನು ಅಲ್ಲೇ ನಿಂತಿದ್ದೆ. ನಂಗೆ ಆಗಲೇ ಗೊತ್ತಿತ್ತು, ಹನ್ನೆರಡು ದಿನದಿಂದ. ನಿಮ್ಮನ್ನ ತಡೀಲಿಲ್ಲ."

ಫೋನ್ ಇಟ್ಟುಬಿಟ್ಟಳು ಎಂದುಕೊಂಡು ಇಂಚರ ಅದನ್ನು ಕಿವಿಯಿಂದ ತೆಗೆಯುವಷ್ಟರಲ್ಲಿ ಕೊಟ್ರಮ್ಮನ ದನಿ ಮತ್ತೆ ಬಂತು. ಸಿಟ್ಟು ಇಳಿದಿರಲಿಲ್ಲ.

"ಎಲ್ಲೆಲ್ಲಿ ನೋಯ್ತೈತೆ ನಿಂಗೆ?"

ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಹೀಗೆ ಯಾರೂ ಕೇಳಿರಲಿಲ್ಲ. ಇಂಚರ ಬಾಯಿ ತೆರೆದಳು. ಸೋದರತ್ತೆ, ಮೇಷ್ಟ್ರು, ನರ್ಸಮ್ಮ, ಎಲ್ಲರೂ ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂದು ನಿಂತರು. ಅವಳು ಅವರನ್ನು ಪಕ್ಕಕ್ಕೆ ಸರಿಸಿದಳು.

"ಮೊದಲು ಬೆರಳಿಗೆ ಬಂತು," ಎಂದಳು. ದನಿ ಅದುರಿತು. ಅದುರಲಿ ಎಂದು ಬಿಟ್ಟಳು.

"ಬೆಳಿಗ್ಗೆ ಹೊತ್ತು ಜಾಸ್ತಿನಾ?" ಎಂದು ಕೇಳಿದಳು ಕೊಟ್ರಮ್ಮ.